ಬೆಸೆಂಟರ ಬಳಗದಿಂದ ಲೋಕಸಭೆಗೆ: ಮಂಗಳೂರಿನ ಬೆನಗಲ್ ಶಿವರಾಯರು

ಬೆಸೆಂಟ್ ನಗರವೆಂದೊಡನೆ ಚೆನ್ನೈನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಎಲಿಯಟ್ಸ್ ಕಡಲತೀರ, ಅಷ್ಟಲಕ್ಷ್ಮಿ ದೇವಾಲಯ, ಸಂಜೆಯ ತಂಗಾಳಿ ನೆನಪಾಗುವುದು ಸಹಜ. ಬಡಾವಣೆಗೆ ಹೆಸರು ಕೊಟ್ಟ ಆನಿ ಬೆಸೆಂಟರ ಪರಿಚಯವೂ ಶಾಲೆಯ ಪಾಠಗಳಿಂದ ನಮಗುಂಟು. ಆದರೆ ಅವರ ಬಳಗದಲ್ಲಿ ಪಳಗಿದ ಮಂಗಳೂರಿನ ತರುಣರೊಬ್ಬರು ಮುಂದೆ ಮದರಾಸು ಪ್ರಾಂತ್ಯದ ಪರವಾಗಿ ಸಂವಿಧಾನ ಸಭೆಯಲ್ಲಿ ಕುಳಿತರು, ದಕ್ಷಿಣ ಕನ್ನಡದ ಮತದಾರರಿಂದ ಆಯ್ಕೆಗೊಂಡು ಪ್ರಥಮ ಲೋಕಸಭೆಯನ್ನೂ ಪ್ರವೇಶಿಸಿದರು ಎಂಬುದನ್ನು ಬಲ್ಲವರು ವಿರಳ. ಅವರೇ ಬೆನಗಲ್ ಶಿವರಾಯರು.

ಶಿವರಾಯರು ಜನಿಸಿದ್ದು 1891ರಲ್ಲಿ, ಹೆಸರಾಂತ ಚಿತ್ರಾಪುರ ಸಾರಸ್ವತ ಮನೆತನದಲ್ಲಿ. ತಂದೆ ಬೆನಗಲ್ ರಾಘವೇಂದ್ರರಾಯರು ವೈದ್ಯರು. ಅಣ್ಣಂದಿರಲ್ಲಿ ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ, ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾಗಿ ಖ್ಯಾತಿ ಪಡೆದರು. ಇಂಥ ಅಣ್ಣಂದಿರ ಕೀರ್ತಿಯ ನೆರಳಿನಲ್ಲಿ ತಮ್ಮನ ಹೆಸರು ಮಸುಕಾಗಿದ್ದರೆ ಅಚ್ಚರಿಯಿಲ್ಲ.

ಅಂದಿನ ದಕ್ಷಿಣ ಕನ್ನಡದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1799ರಲ್ಲಿ ಟಿಪ್ಪುವಿನ ಪತನದೊಡನೆ ಕೆನರಾ ಕಂಪನಿಯ ವಶವಾಯಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ತಮಿಳು ಹಾಗೂ ತೆಲುಗು ಜಿಲ್ಲೆಗಳೇ ತುಂಬಿದ್ದ ಆ ವಿಶಾಲ ಪ್ರಾಂತ್ಯದ ಪಶ್ಚಿಮದ ಅಂಚಿನಲ್ಲಿ ಈ ಜಿಲ್ಲೆ ಒಂದು ಬಾಲದಂತಿತ್ತು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. 1919ರ ಸುಧಾರಣೆಗಳ ಬಳಿಕ ಕೇಂದ್ರ ಶಾಸನ ಸಭೆಗೆ ಚುನಾವಣೆ ನಡೆದಾಗ, ದಕ್ಷಿಣ ಕನ್ನಡವನ್ನು ಮಲಬಾರು ಮತ್ತು ನೀಲಗಿರಿಯೊಡನೆ ಬೆಸೆದು ಪಶ್ಚಿಮ ಕರಾವಳಿ ಹಾಗೂ ನೀಲಗಿರಿ ಎಂಬ ಒಂದೇ ಕ್ಷೇತ್ರವಾಗಿಸಿದ್ದರು. ಮತ ನೀಡಲು ಆಸ್ತಿ ಬೇಕು, ಕಂದಾಯ ಬೇಕು, ಇಲ್ಲವೆ ಆದಾಯ ತೆರಿಗೆ ಬೇಕು. ಗೇಣಿ ಒಕ್ಕಲಿಗೂ ಮೀನುಗಾರನಿಗೂ ದೆಹಲಿಯ ಸಭೆಯಲ್ಲಿ ದನಿಯೇ ಇರಲಿಲ್ಲ.

ಕರಾವಳಿಯ ಜಿಲ್ಲೆಗಳ ವಿದ್ಯಾವಂತ ತರುಣರಿಗೆ ಆಗ ಮದರಾಸೇ ರಾಜಧಾನಿ. ಶಿವರಾಯರ ಮನಸ್ಸು ಅಣ್ಣಂದಿರಂತೆ ಸರ್ಕಾರಿ ಸೇವೆಯತ್ತ ಹರಿಯಲಿಲ್ಲ, ಅಡಯಾರಿನತ್ತ ಹರಿಯಿತು. ಬೆಸೆಂಟರು 1914ರಲ್ಲಿ ಮದರಾಸಿನ ಪತ್ರಿಕೆಯೊಂದನ್ನು ಕೊಂಡು ಅದಕ್ಕೆ ನ್ಯೂ ಇಂಡಿಯಾ ಎಂದು ಹೆಸರಿಟ್ಟಿದ್ದರು. 1916ರಲ್ಲಿ ಹೋಂ ರೂಲ್ ಲೀಗ್ ಹುಟ್ಟಿತು. 1917ರಲ್ಲಿ ಸರ್ಕಾರ ಬೆಸೆಂಟರನ್ನು ಉದಕಮಂಡಲದಲ್ಲಿ ದಿಗ್ಬಂಧನದಲ್ಲಿರಿಸಿತು. ದೇಶದಾದ್ಯಂತ ಪ್ರತಿಭಟನೆಯೆದ್ದು, ಅದೇ ವರ್ಷ ಅವರು ಬಿಡುಗಡೆ ಹೊಂದಿ ಕಲ್ಕತ್ತಾ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಶಿವರಾಯರು ನ್ಯೂ ಇಂಡಿಯಾ ಬಳಗದಲ್ಲಿ ದುಡಿದು ಪತ್ರಿಕಾ ವೃತ್ತಿಯನ್ನು ಕಲಿತರು.

ಬೆಸೆಂಟರ ರಾಜಕೀಯದ ಬಹುದೊಡ್ಡ ಹಂಬಲವೆಂದರೆ ಭಾರತೀಯರೇ ರಚಿಸಿದ ಒಂದು ಸಂವಿಧಾನ. ತೇಜ್ ಬಹಾದೂರ್ ಸಪ್ರೂ ಮೊದಲಾದವರ ನೆರವಿನಿಂದ ರೂಪುಗೊಂಡ ಕಾಮನ್‌ವೆಲ್ತ್ ಆಫ್ ಇಂಡಿಯಾ ಮಸೂದೆಯನ್ನು 1925ರಲ್ಲಿ ಜಾರ್ಜ್ ಲ್ಯಾನ್ಸ್‌ಬರಿಯವರು ಬ್ರಿಟನ್ನಿನ ಸಂಸತ್ತಿನಲ್ಲಿ ಮಂಡಿಸಿದರು. ಅದು ಪ್ರಥಮ ವಾಚನವನ್ನು ದಾಟಲಿಲ್ಲ. ಅದರಲ್ಲಿದ್ದ ಮತದಾನದ ವ್ಯವಸ್ಥೆ ಮಾತ್ರ ಗಮನಾರ್ಹ. ಗ್ರಾಮ ಪಂಚಾಯಿತಿಗೆ ವಯಸ್ಕರೆಲ್ಲರೂ ಮತ ನೀಡಬಹುದು. ತಾಲ್ಲೂಕು, ಜಿಲ್ಲೆ, ಪ್ರಾಂತ್ಯ ಎಂದು ಮೇಲೇರಿದಂತೆ ವಿದ್ಯೆ, ಆಸ್ತಿ, ಅನುಭವಗಳ ಅರ್ಹತೆ ಬಿಗಿಯಾಗುತ್ತ ಹೋಗುತ್ತದೆ. ರಾಷ್ಟ್ರದ ಸಭೆಯನ್ನು ಆರಿಸುವವರು ಕೆಲವರೇ. ಸದುದ್ದೇಶದಿಂದಲೇ ಹೊಮ್ಮಿದ ಯೋಜನೆಯಿದು, ಸಂದೇಹವಿಲ್ಲ. ಆದರೂ ತನ್ನ ಊರಿನ ಕೆರೆಯ ಬಗ್ಗೆ ನಿರ್ಧರಿಸಬಲ್ಲವನು ತನ್ನ ದೇಶದ ಬಗ್ಗೆ ಏಕೆ ನಿರ್ಧರಿಸಲಾರ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಶಿಷ್ಯರು ಗುರುಗಳ ಈ ಮೆಟ್ಟಿಲನ್ನು ದಾಟಿ ಮುಂದೆ ಹೋದರು. ಅವರನ್ನು ಅಲ್ಲಿಗೆ ಒಯ್ದದ್ದು ಪುಸ್ತಕಗಳಿಗಿಂತ ಹೆಚ್ಚಾಗಿ ಪೆರಂಬೂರಿನ ಗಿರಣಿಗಳು ಎಂದು ನನಗೆ ತೋರುತ್ತದೆ. 1918ರ ಏಪ್ರಿಲಿನಲ್ಲಿ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರಿಗಾಗಿ ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ಅದರ ಮುಂದಾಳು ಬಿ. ಪಿ. ವಾಡಿಯಾ ಅವರೂ ಬೆಸೆಂಟರ ಬಳಗದವರೇ. ಶಿವರಾಯರು ಆ ಸಂಘದ ಕಾರ್ಯದಲ್ಲಿ ತೊಡಗಿಕೊಂಡು, ಕೆಲವೇ ವರ್ಷಗಳಲ್ಲಿ ಅಖಿಲ ಭಾರತ ಮಟ್ಟದ ಕಾರ್ಮಿಕ ನಾಯಕರ ಸಾಲಿಗೆ ಸೇರಿದರು. 1929ರಲ್ಲಿ ನಾಗಪುರದಲ್ಲಿ ಕಾರ್ಮಿಕ ಸಂಘಟನೆ ಒಡೆದಾಗ ಎನ್. ಎಂ. ಜೋಶಿ ಹಾಗೂ ವಿ. ವಿ. ಗಿರಿಯವರೊಡನೆ ಸೌಮ್ಯ ಪಕ್ಷದಲ್ಲಿ ನಿಂತರು. ಅವರ ಕೃತಿ ದಿ ಇಂಡಸ್ಟ್ರಿಯಲ್ ವರ್ಕರ್ ಇನ್ ಇಂಡಿಯಾ 1939ರಲ್ಲಿ ಪ್ರಕಟವಾಯಿತು.

1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ದುಂಡು ಮೇಜಿನ ಪರಿಷತ್ತು ಸೇರಿತು. ಕಾಂಗ್ರೆಸ್ಸು ಅದನ್ನು ಬಹಿಷ್ಕರಿಸಿತ್ತು. ಮಹಾರಾಜರು, ಜಮೀನ್ದಾರರು, ವಕೀಲರು ಕಿಕ್ಕಿರಿದಿದ್ದ ಆ ಸಭೆಯಲ್ಲಿ ಕಾರ್ಮಿಕರ ಪರವಾಗಿ ಕುಳಿತವರು ಜೋಶಿ ಹಾಗೂ ಶಿವರಾಯರು. ಮತದಾನದ ಹಕ್ಕು ಎಷ್ಟು ಮಂದಿಗೆ ಎಂಬ ಚರ್ಚೆಯಲ್ಲಿ, ಜನಸಂಖ್ಯೆಯ ಶೇಕಡಾ 10ಕ್ಕೆ ಕಡಿಮೆಯಿಲ್ಲದಂತೆ, 25ನ್ನು ಮೀರದಂತೆ ಎಂಬ ಸೂತ್ರ ಮುಂದೆ ಬಂದಿತು. ಕಾರ್ಮಿಕ ಪ್ರತಿನಿಧಿಗಳು ಹಾಗೂ ಅಂಬೇಡ್ಕರರು ಎಲ್ಲ ವಯಸ್ಕರಿಗೂ ಮತಾಧಿಕಾರವೆಂಬ ಪಕ್ಷದಲ್ಲಿದ್ದರು. ಅಂದು ಅವರು ಗೆಲ್ಲಲಿಲ್ಲ. 1935ರ ಕಾಯಿದೆಯಲ್ಲಿಯೂ ಮತಾಧಿಕಾರ ದೊರೆತದ್ದು ಜನರಲ್ಲಿ ಅಲ್ಪಭಾಗಕ್ಕೆ ಮಾತ್ರ.

ಬಳಿಕ ಶಿವರಾಯರು ದೆಹಲಿಯಲ್ಲಿ ನೆಲೆಸಿ ಹಿಂದೂ ಮತ್ತು ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗಳ ಬಾತ್ಮೀದಾರರಾದರು. ಪತ್ನಿ ಕಿಟ್ಟಿಯವರು ಆಸ್ಟ್ರಿಯಾದವರು, ಮಾಂಟೆಸೊರಿ ಶಿಕ್ಷಣದಲ್ಲಿ ಆಸಕ್ತರು. ಜೆ. ಕೃಷ್ಣಮೂರ್ತಿಯವರು ದೆಹಲಿಗೆ ಬಂದಾಗ ಈ ದಂಪತಿಗಳ ಮನೆಯಲ್ಲಿ ತಂಗುತ್ತಿದ್ದರು. ಅಡಯಾರಿನ ನಂಟು ಹೀಗೆ ದೆಹಲಿಯಲ್ಲಿಯೂ ಉಳಿಯಿತು.

1946ರಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆಯಿತು. ಮತ ನೀಡಿದವರು ಪ್ರಾಂತೀಯ ಶಾಸಕರು. ಹತ್ತು ಲಕ್ಷ ಜನರಿಗೆ ಒಬ್ಬರಂತೆ ಮದರಾಸಿಗೆ 49 ಸ್ಥಾನಗಳು ದೊರೆತವು. ಶಿವರಾಯರು ಮತ್ತು ಉಳ್ಳಾಲ ಶ್ರೀನಿವಾಸ ಮಲ್ಯರು ಆ ಪಟ್ಟಿಯಲ್ಲಿದ್ದರು. ಕನ್ನಡಿಗರು ಆ ಸಭೆಯಲ್ಲಿ ಹೇಗೆ ಚದುರಿ ಕುಳಿತಿದ್ದರೆಂಬುದನ್ನು ನೋಡಿದರೆ ನಾಡಿನ ಅಂದಿನ ಪಾಡು ಕಣ್ಣಿಗೆ ಕಟ್ಟುತ್ತದೆ. ದಿವಾಕರರೂ ನಿಜಲಿಂಗಪ್ಪನವರೂ ಮುಂಬಯಿಯ ಲೆಕ್ಕದಲ್ಲಿ, ಪೂಣಚ್ಚನವರು ಕೊಡಗಿನ ಲೆಕ್ಕದಲ್ಲಿ, ಕೆ. ಸಿ. ರೆಡ್ಡಿ, ಹನುಮಂತಯ್ಯನವರು ಮೈಸೂರಿನ ಲೆಕ್ಕದಲ್ಲಿ. ಹೈದರಾಬಾದಿನ ಸ್ಥಾನಗಳಂತೂ ತುಂಬಲೇ ಇಲ್ಲ; ಕಲಬುರಗಿ, ರಾಯಚೂರು, ಬೀದರುಗಳಿಗೆ ಅಲ್ಲಿ ದನಿಯಿರಲಿಲ್ಲ. ಅಣ್ಣ ನರಸಿಂಗರಾಯರು ಕರಡಿನ ಹಿಂದಿನ ಶಕ್ತಿಯಾಗಿದ್ದರೂ ಸಭೆಯ ಸದಸ್ಯರಲ್ಲ, ತಮ್ಮ ಸದಸ್ಯರು. 1930ರಲ್ಲಿ ಲಂಡನ್ನಿನಲ್ಲಿ ಸೋತಿದ್ದ ವಯಸ್ಕ ಮತಾಧಿಕಾರ ಈ ಸಭೆಯಲ್ಲಿ ನೆಲದ ಕಾನೂನಾಯಿತು.

1951-52ರಲ್ಲಿ ದೇಶದ 17 ಕೋಟಿಗೂ ಮಿಕ್ಕಿದ ಮತದಾರರ ಪಟ್ಟಿ ಸಿದ್ಧವಾಯಿತು. ಮದರಾಸು ರಾಜ್ಯಕ್ಕೆ ಲೋಕಸಭೆಯಲ್ಲಿ 75 ಸ್ಥಾನಗಳಿದ್ದವು. ಅವುಗಳಲ್ಲಿ ದಕ್ಷಿಣ ಕನ್ನಡ (ಉತ್ತರ) ಕ್ಷೇತ್ರದಿಂದ ಮಲ್ಯರೂ ದಕ್ಷಿಣ ಕನ್ನಡ (ದಕ್ಷಿಣ) ಕ್ಷೇತ್ರದಿಂದ ಶಿವರಾಯರೂ ಕಾಂಗ್ರೆಸ್ ಅಭ್ಯರ್ಥಿಗಳಾಗಿ ಗೆದ್ದರು. ಹಂಚಿನ ಕಾರ್ಖಾನೆಯ ಕೂಲಿಯವರೂ ಬೀಡಿ ಕಟ್ಟುವ ಹೆಂಗಸರೂ ಮತ ಹಾಕಿ ಆರಿಸಿದ ಸದಸ್ಯರು ಇವರು. ಬೆಸೆಂಟರ ಮೆಟ್ಟಿಲುಗಳ ಲೆಕ್ಕದಲ್ಲಿ ಈ ಮತದಾರರು ಪಂಚಾಯಿತಿಯಲ್ಲಿಯೇ ನಿಲ್ಲಬೇಕಾಗಿತ್ತು.

ಕ್ಷೇತ್ರದೊಡನೆ ಒಡನಾಟದ ವಿಷಯದಲ್ಲಿ ಮಾತ್ರ ಮಲ್ಯರ ತಕ್ಕಡಿಯೇ ತೂಗುತ್ತದೆ. ಬಂದರು, ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎಂದಾಗಲೆಲ್ಲ ಮಂಗಳೂರಿಗರು ಮಲ್ಯರನ್ನು ನೆನೆಯುತ್ತಾರೆ. ಶಿವರಾಯರು ದೆಹಲಿಯ ಮನುಷ್ಯ. ಅವರ ಮುಖ್ಯ ಕೃತಿಗಳೂ ಇಂಗ್ಲಿಷಿನಲ್ಲಿಯೇ ಇವೆ. ಊರು ಅವರನ್ನು ಮರೆತದ್ದರಲ್ಲಿ ಊರಿನದಷ್ಟೇ ತಪ್ಪೆನ್ನಲಾಗದು.

ಅವರನ್ನು ಕಳುಹಿಸಿದ ಕ್ಷೇತ್ರವೂ ಒಂದೇ ಅವಧಿಗೆ ಮುಗಿಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಹೋದವು. 1957ರ ಚುನಾವಣೆಯಲ್ಲಿ ಮಂಗಳೂರಿನಿಂದ ಕೆ. ಆರ್. ಆಚಾರ್, ಕಾಸರಗೋಡಿನಿಂದ ಎ. ಕೆ. ಗೋಪಾಲನ್ ಗೆದ್ದರು. ಶಿವರಾಯರು 1957ರಿಂದ 1960ರವರೆಗೆ ರಾಜ್ಯಸಭೆಯಲ್ಲಿದ್ದರು.

ನರಸಿಂಗರಾಯರು 1953ರಲ್ಲಿ ತೀರಿಕೊಂಡ ಬಳಿಕ ಅವರ ಬರಹಗಳನ್ನು ಸಂಪಾದಿಸಿ 1960ರಲ್ಲಿ ಹೊರತಂದವರು ಶಿವರಾಯರೇ. ಆಮೇಲೆ ಅವರು ಕೈಗೆತ್ತಿಕೊಂಡದ್ದು ಇನ್ನೂ ದೊಡ್ಡ ಕಾರ್ಯ. ಸಂವಿಧಾನ ರಚನೆಯ ಸಮಿತಿ ವರದಿಗಳು, ಟಿಪ್ಪಣಿಗಳು, ಕರಡುಗಳು ಚೆದುರಿ ಹೋಗುವ ಮುನ್ನ ಅವನ್ನೆಲ್ಲ ಕೂಡಿಸಿ ದಿ ಫ್ರೇಮಿಂಗ್ ಆಫ್ ಇಂಡಿಯಾಸ್ ಕಾನ್‌ಸ್ಟಿಟ್ಯೂಷನ್ ಎಂಬ ಸಂಪುಟಗಳನ್ನು 1966ರಿಂದ 1968ರ ನಡುವೆ ಪ್ರಕಟಿಸಿದರು. ನ್ಯಾಯಾಲಯಗಳೂ ವಿದ್ವಾಂಸರೂ ಇಂದಿಗೂ ಅವನ್ನು ತೆರೆದು ನೋಡುತ್ತಾರೆ. ಕಾಸರಗೋಡಿನ ಪ್ರಶ್ನೆಯ ಮೇಲೆ ಮಹಾಜನ ಆಯೋಗದ ವರದಿ ಹೊರಬಿದ್ದದ್ದೂ ಅದೇ 1967ರಲ್ಲಿ; ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂಬ ಅದರ ಶಿಫಾರಸು ಜಾರಿಗೆ ಬರಲಿಲ್ಲ.

ಶಿವರಾಯರು 1975ರ ಡಿಸೆಂಬರಿನಲ್ಲಿ ನಿಧನರಾದರು. ಅದೇ ದಶಕದಲ್ಲಿ ಅಡಯಾರಿನ ದಕ್ಷಿಣಕ್ಕೆ, ಕಡಲಂಚಿನ ಮರಳಿನಲ್ಲಿ, ಬೆಸೆಂಟ್ ನಗರದ ಮನೆಗಳು ಏಳುತ್ತಿದ್ದವು.