ಜಾನ್ ಡ್ಯೂಯಿ

ಜಾನ್ ಡ್ಯೂಯಿ (ಅಕ್ಟೋಬರ್ 20, 1859 – ಜೂನ್ 1, 1952) ಅಮೆರಿಕದ ತತ್ತ್ವಜ್ಞಾನಿ, ಮನಶ್ಶಾಸ್ತ್ರಜ್ಞ ಹಾಗೂ ಶಿಕ್ಷಣ ಚಿಂತಕರು. ಶಾಲಾ ತರಗತಿಯಲ್ಲಿ ಸಮಸ್ಯೆಯನ್ನು ಮುಂದಿಟ್ಟು ಕಲಿಸುವ ಪದ್ಧತಿಗೆ ತಾತ್ತ್ವಿಕ ತಳಹದಿ ಒದಗಿಸಿದವರಲ್ಲಿ ಇವರು ಪ್ರಮುಖರು. ಡಾ. ಬಿ. ಆರ್. ಅಂಬೇಡ್ಕರ್ ಅವರ ಗುರುಗಳೆಂದೂ ಭಾರತೀಯರಿಗೆ ಪರಿಚಿತರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡ್ಯೂಯಿ ವರ್ಮಾಂಟ್ ರಾಜ್ಯದ ಬರ್ಲಿಂಗ್‌ಟನ್‌ನಲ್ಲಿ ಜನಿಸಿದರು. ತಂದೆ ದಿನಸಿ ವ್ಯಾಪಾರಿ. 1879ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಪೆನ್ಸಿಲ್ವೇನಿಯಾದ ಆಯಿಲ್ ಸಿಟಿಯಲ್ಲಿ ಎರಡು ವರ್ಷ ಪ್ರೌಢಶಾಲಾ ಶಿಕ್ಷಕರಾಗಿದ್ದರು. 1884ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದು ಮಿಶಿಗನ್ ವಿಶ್ವವಿದ್ಯಾಲಯ ಸೇರಿದರು. 1886ರಲ್ಲಿ ಆಲಿಸ್ ಚಿಪ್‌ಮನ್ ಅವರನ್ನು ವಿವಾಹವಾದರು. ಶಾಲೆಯ ಪ್ರಶ್ನೆಗಳತ್ತ ಡ್ಯೂಯಿಯವರ ಮನಸ್ಸು ಹರಿಯುವುದರಲ್ಲಿ ಈ ವಿದುಷಿಯ ಪಾತ್ರ ದೊಡ್ಡದು.

ಷಿಕಾಗೋದ ಪ್ರಯೋಗಶಾಲೆ

1894ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದ ಡ್ಯೂಯಿ, 1896ರ ಜನವರಿಯಲ್ಲಿ 16 ಮಕ್ಕಳು ಮತ್ತು ಇಬ್ಬರು ಶಿಕ್ಷಕರೊಡನೆ ಒಂದು ಶಾಲೆ ತೆರೆದರು. ವಿಜ್ಞಾನಿಗೆ ಪ್ರಯೋಗಾಲಯವಿರುವಂತೆ ಶಿಕ್ಷಣಶಾಸ್ತ್ರಕ್ಕೂ ಒಂದು ಬೇಕೆಂಬುದು ಅವರ ಉದ್ದೇಶ. ಶಾಲೆಗೆ ಮೇಜುಗಳನ್ನು ಹುಡುಕುತ್ತ ನಗರದ ಅಂಗಡಿಗಳನ್ನೆಲ್ಲ ಸುತ್ತಿದರೂ ತಕ್ಕದ್ದು ದೊರೆಯಲಿಲ್ಲ. ಅಲ್ಲಿದ್ದವೆಲ್ಲ ಕುಳಿತು ಕೇಳುವುದಕ್ಕೆ ಮಾಡಿದವು. ಇವರು ಕೇಳಿದ್ದು ಕೆಲಸ ಮಾಡುವುದಕ್ಕೆ ಆಗುವಂಥವು. ಕೊನೆಗೆ ಒಬ್ಬ ವ್ಯಾಪಾರಿಯೇ ಈ ವ್ಯತ್ಯಾಸವನ್ನು ಗುರುತಿಸಿದನಂತೆ.

ಇಲ್ಲಿ ಅಡುಗೆ, ಮರಗೆಲಸ, ನೇಯ್ಗೆಗಳು ಪಾಠದ ಆರಂಭಬಿಂದುಗಳಾಗಿದ್ದವು. ಬಟ್ಟೆಯ ಪಾಠದಲ್ಲಿ ಮಕ್ಕಳಿಗೆ ಹತ್ತಿಯನ್ನೂ ಉಣ್ಣೆಯನ್ನೂ ಕೊಡಲಾಯಿತು. ಹಿಂದಿನವರಲ್ಲಿ ಹತ್ತಿಗಿಂತ ಉಣ್ಣೆಯ ಬಟ್ಟೆಯೇ ಮೊದಲು ಬೆಳೆದದ್ದೇಕೆ ಎಂಬುದು ಪ್ರಶ್ನೆ. ಮಕ್ಕಳು ಅರ್ಧ ಗಂಟೆ ಬೀಜ ಬಿಡಿಸುತ್ತ ಕುಳಿತರೂ ಒಂದು ಔನ್ಸ್ (ಸುಮಾರು 28 ಗ್ರಾಂ) ಅರಳೆಯೂ ಸಿಗಲಿಲ್ಲ. ಹತ್ತಿಯ ಎಳೆ ಉಣ್ಣೆಯ ಎಳೆಗಿಂತ ಗಿಡ್ಡ, ನೂಲುವುದು ಕಷ್ಟ ಎಂಬುದನ್ನೂ ಅವರೇ ಕಂಡುಕೊಂಡರು. ಬೀಜ ಬಿಡಿಸುವ ಯಂತ್ರ ಏಕೆ ಬೇಕಾಯಿತು ಎಂಬುದು ಆಮೇಲೆ ಹೇಳಿಕೊಡಬೇಕಾದ ಸಂಗತಿಯಾಗಿ ಉಳಿಯಲಿಲ್ಲ. ಅಲ್ಲಿಂದ ಪಾಠ ಇತಿಹಾಸ, ಭೂಗೋಳ, ಯಂತ್ರವಿಜ್ಞಾನಗಳಿಗೆ ಸಾಗಿತು. ಹತ್ತಿ ಬೆಳೆಯುವ ಧಾರವಾಡ, ಹಾವೇರಿ ಜಿಲ್ಲೆಗಳ ಯಾವ ಶಾಲೆಯಲ್ಲಾದರೂ ಈ ಪಾಠವನ್ನು ಖರ್ಚಿಲ್ಲದೆ ಮಾಡಬಹುದು.

1902ರ ವೇಳೆಗೆ ಶಾಲೆಯಲ್ಲಿ ಸುಮಾರು 140 ಮಕ್ಕಳು, 23 ಶಿಕ್ಷಕರಿದ್ದರು. ಮರುವರ್ಷ ಇನ್ನೊಂದು ಶಾಲೆ ಇದರಲ್ಲಿ ವಿಲೀನವಾಗಿ, ಆಲಿಸ್ ಅವರು ಪ್ರಾಂಶುಪಾಲರಾದರು. ಅವರ ನೇಮಕದ ಅವಧಿಯ ವಿಷಯದಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಹಾರ್ಪರ್ ಅವರೊಡನೆ ವಿರಸ ಉಂಟಾಗಿ 1904ರಲ್ಲಿ ದಂಪತಿಗಳಿಬ್ಬರೂ ರಾಜೀನಾಮೆಯಿತ್ತರು. ಎಂಟು ವರ್ಷ ಕಟ್ಟಿದ ಶಾಲೆ ಕೈಬಿಟ್ಟಿತು. ಅದೇ ವರ್ಷ ಯೂರೋಪ್ ಪ್ರವಾಸದಲ್ಲಿ ಮಗ ಗೋರ್ಡನ್ ವಿಷಮಶೀತಜ್ವರದಿಂದ ತೀರಿಕೊಂಡನು. 1895ರಲ್ಲಿ ಇನ್ನೊಬ್ಬ ಮಗ ಮಾರಿಸ್‌ನನ್ನೂ ಅವರು ಪ್ರವಾಸದಲ್ಲಿಯೇ ಕಳೆದುಕೊಂಡಿದ್ದರು.

ಸಮಸ್ಯೆಯಿಂದ ಚಿಂತನೆ

ಬಳಿಕ ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1930ರವರೆಗೆ ಪ್ರಾಧ್ಯಾಪಕರಾಗಿದ್ದರು. 1910ರಲ್ಲಿ ಪ್ರಕಟವಾದ 'ಹೌ ವಿ ಥಿಂಕ್' ಗ್ರಂಥದಲ್ಲಿ, ಮನುಷ್ಯನು ಆಲೋಚಿಸತೊಡಗುವುದು ತೊಡಕು ಎದುರಾದಾಗ ಎಂದು ಪ್ರತಿಪಾದಿಸಿದರು. ಮೊದಲು ತೊಡಕಿನ ಅನುಭವ; ಅದು ಎಲ್ಲಿದೆಯೆಂದು ಗುರುತಿಸುವುದು; ಸಂಭವನೀಯ ಪರಿಹಾರದ ಊಹೆ; ಆ ಊಹೆ ನಿಜವಾದರೆ ಏನಾಗಬೇಕೆಂಬ ತರ್ಕ; ಕೊನೆಗೆ ಪರೀಕ್ಷಿಸಿ ಒಪ್ಪುವುದು ಅಥವಾ ಬಿಡುವುದು.

ಇದಕ್ಕೆ ಅವರು ಕೊಟ್ಟ ಒಂದು ಉದಾಹರಣೆ ಪಾತ್ರೆ ತೊಳೆಯುವ ಕೆಲಸದ್ದು. ಬಿಸಿ ಸಾಬೂನು ನೀರಿನಲ್ಲಿ ತೊಳೆದ ಲೋಟವನ್ನು ತಟ್ಟೆಯ ಮೇಲೆ ಬೋರಲು ಹಾಕಿದಾಗ ಅಂಚಿನ ಹೊರಗೆ ಗುಳ್ಳೆಗಳೇಳುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಅವು ಒಳಕ್ಕೆ ಹೋಗುತ್ತವೆ. ಲೋಟದೊಳಗೆ ಸಿಕ್ಕ ತಂಪು ಗಾಳಿ ಬಿಸಿಯಾಗಿ ಹಿಗ್ಗಿರಬೇಕು, ಲೋಟ ಆರಿದಾಗ ಕುಗ್ಗಿರಬೇಕು ಎಂಬುದು ಊಹೆ. ಲೋಟದ ಮೇಲೆ ಮಂಜುಗಡ್ಡೆಯಿಟ್ಟರೆ ಗುಳ್ಳೆ ಬೇಗ ಒಳಸರಿಯಬೇಕು, ಸರಿಯುತ್ತದೆ. ಗಾಳಿ ಹಿಗ್ಗುತ್ತದೆಂಬ ವಾಕ್ಯವನ್ನು ಕಂಠಪಾಠ ಮಾಡಿಸುವ ಶಿಕ್ಷಕರಿಗೂ ಈ ಲೋಟವನ್ನು ಮೇಜಿನ ಮೇಲಿಟ್ಟು ಸುಮ್ಮನಾಗುವ ಶಿಕ್ಷಕರಿಗೂ ಇರುವ ಅಂತರವೇ ಡ್ಯೂಯಿಯವರ ಕಾಳಜಿಯಾಗಿತ್ತು.

1916ರ 'ಡೆಮಾಕ್ರಸಿ ಅಂಡ್ ಎಜುಕೇಶನ್' ಅವರ ಪ್ರಮುಖ ಕೃತಿ. ಇವರ ಸಹೋದ್ಯೋಗಿ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ಪದ್ಧತಿಯನ್ನು ವಿವರಿಸಿದರು. ಸಮಸ್ಯಾಧಾರಿತ ಕಲಿಕೆ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಕ್ರಮ ಮಾತ್ರ ಬಹಳ ತಡವಾಗಿ, 1960ರ ದಶಕದ ಕೊನೆಯಲ್ಲಿ, ಕೆನಡಾದ ಮೆಕ್‌ಮಾಸ್ಟರ್ ವೈದ್ಯಕೀಯ ಶಾಲೆಯಲ್ಲಿ ರೂಪುಗೊಂಡು ಆಮೇಲೆ ಶಾಲೆಗಳಿಗೆ ಬಂದಿತು.

ಟೀಕೆ

ಮಕ್ಕಳನ್ನು ಅವರಿಷ್ಟಕ್ಕೆ ಬಿಡುವವರು ಎಂಬ ಆರೋಪ ಡ್ಯೂಯಿಯವರ ಮೇಲೆ ಬಂದಿತು. ಇದು ಪೂರ್ತಿ ನ್ಯಾಯವಾದುದಲ್ಲ. 1938ರ 'ಎಕ್ಸ್‌ಪೀರಿಯೆನ್ಸ್ ಅಂಡ್ ಎಜುಕೇಶನ್' ಕೃತಿಯಲ್ಲಿ ಅವರು ತಮ್ಮ ಅನುಯಾಯಿಗಳನ್ನೇ ವಿಮರ್ಶಿಸಿ, ಎಲ್ಲ ಅನುಭವವೂ ಶಿಕ್ಷಣವಲ್ಲವೆಂದೂ ಶಿಕ್ಷಕರ ಹೊಣೆ ಕಡಿಮೆಯಾಗದೆ ಹೆಚ್ಚುವುದೆಂದೂ ಎಚ್ಚರಿಸಿದರು. ಆದರೆ ಷಿಕಾಗೋ ಶಾಲೆಯಲ್ಲಿ ಸರಾಸರಿ ಆರೇಳು ಮಕ್ಕಳಿಗೆ ಒಬ್ಬ ಶಿಕ್ಷಕರಿದ್ದರೆಂಬುದನ್ನೂ ಮರೆಯುವಂತಿಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಈ ಕ್ರಮ ಬೇರೆಯೇ ರೂಪ ತಳೆಯಬೇಕಾಗುತ್ತದೆ.

ಭಾರತದೊಡನೆ ನಂಟು

1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರರು ಡ್ಯೂಯಿಯವರ ತರಗತಿಗಳಲ್ಲಿ ಕುಳಿತಿದ್ದರು. 1936ರ ಜಾತಿ ವಿನಾಶ ಕುರಿತ ತಮ್ಮ ಕೃತಿಯಲ್ಲಿ ಅವರಿಗೆ ತಾವು ಋಣಿಯೆಂದು ಸ್ಮರಿಸಿದ್ದಾರೆ. 1937ರ ವಾರ್ಧಾ ಶಿಕ್ಷಣ ಯೋಜನೆಯನ್ನು ಡ್ಯೂಯಿಯವರ ವಿಚಾರಗಳೊಡನೆ ಹೋಲಿಸುವುದುಂಟು. ಗಾಂಧೀಜಿಯವರ ದಾರಿ ಮಾತ್ರ ಸ್ವಂತದ್ದು. ಕರ್ನಾಟಕದ ಪ್ರಾಥಮಿಕ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲೂ ಚಟುವಟಿಕೆಯೇ ಕಲಿಕೆಗೆ ಆಧಾರ.

ನಿಧನ

ಡ್ಯೂಯಿ 1952ರ ಜೂನ್ 1ರಂದು ನ್ಯೂಯಾರ್ಕಿನಲ್ಲಿ, 92ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ತಿಂಗಳ 5ರಂದು ಕೊಲಂಬಿಯಾ ವಿಶ್ವವಿದ್ಯಾಲಯವು ಅಂಬೇಡ್ಕರರಿಗೆ ಗೌರವ ಡಾಕ್ಟರೇಟ್ ಪ್ರದಾನ ಮಾಡಿತು.