ಸೊಲ್ಲಾಪುರದ ಡಾಕ್ಟರ್ ಕೋಟ್ನಿಸ್

ಪುಣೆಯ ಮಿಲಿಟರಿ ಮೆಡಿಕಲ್ ಕಾಲೇಜು ಶುರುವಾದದ್ದು 1948ರಲ್ಲಿ. ಅದರೆದುರು ಹಾದುಹೋಗುವಾಗ ನನಗೆ, ಅದಕ್ಕೂ ಮೊದಲೇ ಸೈನ್ಯದ ಡಾಕ್ಟರೂ ಮೇಷ್ಟ್ರೂ ಆಗಿದ್ದ ದ್ವಾರಕಾನಾಥ ಕೋಟ್ನಿಸರ ನೆನಪಾಗುತ್ತೆ.

1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿದರು. 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ಸು ಕಳಿಸಿದ ಐವರು ಡಾಕ್ಟರರಲ್ಲಿ ಇವರೊಬ್ಬರು. ತಂದೆ ತೀರಿಕೊಂಡ ಸುದ್ದಿ ಬಂದರೂ ಊರಿಗೆ ತಿರುಗಲಿಲ್ಲ. ಗಾಯಾಳು ಸೈನಿಕರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಲೇ ಚೀನೀ ಭಾಷೆ ಕಲಿತು, ಅದರಲ್ಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1941ರಲ್ಲಿ ಬೆಥೂನ್ ಆಸ್ಪತ್ರೆಯ ಮುಖ್ಯಸ್ಥರಾದರು. ಅಲ್ಲಿನ ಗುವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು ಮೂರ್ಛೆರೋಗದಿಂದ ತೀರಿಕೊಂಡಾಗ ವಯಸ್ಸು 32. ಮಗನಿಗಿನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ತ್ಯಾಗ ಅಂತ ಎಲ್ಲರೂ ಹೊಗಳ್ತಾರೆ. ನಾನು ಅವರ ಪಾಠವನ್ನು ನೆನೀತೀನಿ. ರೋಗಿಯ ಭಾಷೆಯಲ್ಲೇ ವೈದ್ಯ ಕಲಿಸಿದರು. ಕನ್ನಡದಲ್ಲಿ ಆ ಕೆಲಸ ಇನ್ನೂ ಆಗಬೇಕಿದೆ.