ಗೇಜ್ ಚೇತರಿಸಿಕೊಂಡದ್ದು ಎಷ್ಟು?

1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರೈಲು ಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಮೇಸ್ತ್ರಿ ಫಿನಿಯಸ್ ಗೇಜ್‌ನ ಎಡಗೆನ್ನೆಗೆ ನುಗ್ಗಿದ ಕಬ್ಬಿಣದ ಸಲಾಕೆ ನೆತ್ತಿಯನ್ನು ಸೀಳಿ ಹೊರಬಿತ್ತು. 25ರ ಆ ಯುವಕ ಬದುಕುಳಿದ. ಆದರೆ ಅವನ ಬುದ್ಧಿ ಎಷ್ಟರಮಟ್ಟಿಗೆ ಮರಳಿತು ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿರಲಿಲ್ಲ.

ಚಿಕಿತ್ಸೆ ನೀಡಿದ ಡಾ. ಜಾನ್ ಹಾರ್ಲೊ ಆರಂಭದಲ್ಲೇ ಒಂದು ಸರಳ ಪರೀಕ್ಷೆ ನಡೆಸಿದ್ದರು. ಗೇಜ್‌ನ ನೆನಪು ಚೆನ್ನಾಗಿತ್ತು. ಬೆಲೆಯ ಅಂದಾಜು ಮಾತ್ರ ತಪ್ಪಿತ್ತು. ಕೆಲವು ಬೆಣಚುಕಲ್ಲುಗಳಿಗೆ 1000 ಡಾಲರ್ ಕೊಡುವೆನೆಂದರೂ ಅವನು ಒಪ್ಪಲಿಲ್ಲ. ಹಾರ್ವರ್ಡ್‌ನ ಪ್ರೊ. ಹೆನ್ರಿ ಬಿಗೆಲೊ ಅವನನ್ನು ಬಾಸ್ಟನ್ನಿಗೆ ಕರೆಸಿ ಪರೀಕ್ಷಿಸಿ, ದೇಹ, ಮನಸ್ಸು ಎರಡೂ ಸರಿಹೋಗಿವೆಯೆಂದು 1850ರಲ್ಲಿ ಬರೆದರು. ಗೇಜ್ ಚಂಚಲನೂ ಒರಟನೂ ಆಗಿದ್ದನೆಂದೂ, ಮಾಲೀಕರು ಅವನಿಗೆ ಮೇಸ್ತ್ರಿ ಕೆಲಸ ಮರಳಿ ಕೊಡಲಿಲ್ಲವೆಂದೂ ಹಾರ್ಲೊ 1868ರಲ್ಲಿ ಪ್ರಕಟಿಸಿದರು. ಪಠ್ಯಪುಸ್ತಕಗಳು ಉಳಿಸಿಕೊಂಡದ್ದು ಈ ಚಿತ್ರವನ್ನೇ.

ಅವು ಮರೆತದ್ದು ಚಿಲಿಯ ವರ್ಷಗಳನ್ನು. 1852ರಲ್ಲಿ ಅಲ್ಲಿಗೆ ತೆರಳಿದ ಗೇಜ್ ಸುಮಾರು ಏಳು ವರ್ಷ ಕುದುರೆಗಳನ್ನು ಸಾಕಿದ, ಆರು ಕುದುರೆಗಳ ಪ್ರಯಾಣಿಕ ಗಾಡಿ ಓಡಿಸಿದ. ವೇಳಾಪಾಲನೆ, ದಾರಿಯ ಮೇಲಿನ ಗಮನ, ಪ್ರಯಾಣಿಕರೊಡನೆ ಸಂಯಮ, ಪರನಾಡಿನ ರೂಢಿಗೆ ಒಗ್ಗಿಕೊಳ್ಳುವಿಕೆ ಇವೆಲ್ಲವೂ ಗಾಯಗೊಂಡಿದ್ದ ಮಿದುಳಿನ ಮುಂಭಾಗವನ್ನೇ ಅವಲಂಬಿಸಿದ ಸಾಮರ್ಥ್ಯಗಳು. 1858ರಲ್ಲಿ ಅವನನ್ನು ಅಲ್ಲಿ ಬಲ್ಲ ವೈದ್ಯರೊಬ್ಬರು ಬುದ್ಧಿಶಕ್ತಿಯಲ್ಲಿ ಯಾವ ಕುಂದೂ ಕಾಣಲಿಲ್ಲವೆಂದು ತಿಳಿಸಿದ್ದರು. ಮನಶ್ಶಾಸ್ತ್ರದ ಇತಿಹಾಸಕಾರ ಮಾಲ್ಕಂ ಮೆಕ್‌ಮಿಲನ್ ಈ ಆಧಾರಗಳಿಂದಲೇ ಗೇಜ್ ಸಾಮಾಜಿಕವಾಗಿ ಬಹುಪಾಲು ಚೇತರಿಸಿಕೊಂಡಿದ್ದನೆಂದು ವಾದಿಸಿದರು.

ಅಪಸ್ಮಾರಕ್ಕೆ ತುತ್ತಾಗಿ ಗೇಜ್ 1860ರ ಮೇ 21ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಮಿದುಳಿಗೆ ಪೆಟ್ಟಾದವರ ಬಗ್ಗೆ ಮೊದಲ ತಿಂಗಳುಗಳಲ್ಲಿ ಬರೆದ ತೀರ್ಪನ್ನೇ ಅಂತಿಮವೆಂದುಕೊಂಡರೆ ಅವರ ಕೆಲಸ, ಘನತೆ ಎರಡನ್ನೂ ಕಸಿದುಕೊಂಡಂತೆ. ಆಸ್ಪತ್ರೆಯ ಪ್ರಶ್ನಾವಳಿ ಅಗತ್ಯ. ವರ್ಷಗಳ ನಂತರ ಅವರು ಹೇಗೆ ದುಡಿಯುತ್ತಿದ್ದಾರೆ, ಯಾರೊಡನೆ ಹೇಗೆ ಬಾಳುತ್ತಿದ್ದಾರೆ ಎಂದು ವಿಚಾರಿಸುವುದೂ ಅಷ್ಟೇ ಅಗತ್ಯ.